ಕಡಲಿಗೆ ಮುಖ ಮಾಡಿದ ಗೋಡೆ

ರಾಜನ ಹಡಗಿನಿಂದ
ಜೂನ್ ೨೦, ೧೭೭೫

ಪ್ರೀತಿಯ ಅವ್ವನಿಗೆ,

ನಾನು ಜೀವಂತವಾಗಿದ್ದೇನೆ. ಇದನ್ನೇ ಮೊದಲ ಸಾಲಿನಲ್ಲಿ ಬರೆಯಬೇಕೆಂದು ಇಲ್ಲಿಯ ಗುಮಾಸ್ತ ವೆಸ್ಟ್‌ಕಾಟ್ ಹೇಳಿದ. ಮಿಕ್ಕದ್ದನ್ನೆಲ್ಲ ತಾಯಂದಿರು ಆಮೇಲೆ ಓದುತ್ತಾರಂತೆ.

ನಾವು ಬಾಸ್ಟನ್ನಿಗೆ ಸೌದೆ ಸಾಗಿಸುತ್ತಿದ್ದಾಗ ರಾಜನ ದೋಣಿಯೊಂದು ಅಡ್ಡ ಬಂತು. ಅಧಿಕಾರಿ ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿದ.

“ಎಲ್ಲಿ, ಕೈ ತೋರ್ಸು.”

“ಸೌದೆ ಹೊರೋ ಕೈ ಸ್ವಾಮಿ ಇದು.”

“ಸೌದೆ ಹೊತ್ರೆ ಹೆಗಲು ದಡ್ಡುಗಟ್ಟುತ್ತೆ ಕಣೋ, ಅಂಗೈ ಅಲ್ಲ. ಹಗ್ಗ ಎಳೆದ ಕೈ ಇದು. ಹತ್ತು ಮೇಲೆ.”

ಹತ್ತಿದೆ. ಮುದುಕರನ್ನು ಬಿಟ್ಟರು, ನನ್ನನ್ನು ಇಟ್ಟುಕೊಂಡರು. ನನ್ನ ಹೆಸರು ಈಗ ರಾಜನ ನಾವಿಕರ ಪಟ್ಟಿಯಲ್ಲಿದೆ. ಓಡಿಹೋದರೆ ಗಲ್ಲು ಎಂದು ಓದಿ ಹೇಳಿದರು. ಊಟಕ್ಕೆ ಬಟಾಣಿ, ಉಪ್ಪು ಹಚ್ಚಿದ ಹಂದಿ ಮಾಂಸ. ಪಕ್ಕದ ತೂಗುಮಂಚದವನು ಕಾರ್ನ್‌ವಾಲ್ ಕಡೆಯ ಬೆಸ್ತ, ಪೆಂಡರ್ ಎಂದು. ನಮ್ಮ ಕಾಡ್ ಮೀನನ್ನು ಅವನು ಹೀಯಾಳಿಸುತ್ತಾನೆ, ಅವನ ಊರಿನ ಮೀನನ್ನು ನಾನು ಹೀಯಾಳಿಸುತ್ತೇನೆ. ಹೊತ್ತು ಹೋಗುತ್ತದೆ.

ಪತ್ರಗಳನ್ನೆಲ್ಲ ವೆಸ್ಟ್‌ಕಾಟ್ ಓದುತ್ತಾನೆ. ಎಲ್ಲಿದ್ದೇವೆ, ಎಲ್ಲಿಗೆ ಹೋಗುತ್ತೇವೆ ಎಂದು ಬರೆದರೆ ಕತ್ತರಿಸಿಹಾಕುತ್ತಾನೆ. ಹಡಗುಗಳಿಗೆ ಕುರಿ ಮಾರಲು ಬರುವ ಕ್ರೋವೆಲ್ ಇದನ್ನು ತಲುಪಿಸುತ್ತಾನೆ. ಅವನ ಕೈಯಲ್ಲೇ ಉತ್ತರ ಕಳಿಸು.

ನಿನ್ನ ಮಗ
ಜೇಬೆಜ್ ಟ್ರೆಫ್ರಿ

(ಕೆಳಗೆ ಬೇರೆ ಅಕ್ಷರದಲ್ಲಿ: ಅಮ್ಮಾ, ನಿಮ್ಮ ಹುಡುಗ ಬಟಾಣಿಯನ್ನು ಬಯ್ಯುತ್ತಾನೆ, ಆದರೆ ಎರಡು ಪಾಲು ತಿನ್ನುತ್ತಾನೆ. ಪತ್ರಕ್ಕೆ ನನ್ನ ಅಭ್ಯಂತರವಿಲ್ಲ. — ಟಿ. ವೆಸ್ಟ್‌ಕಾಟ್)


ಟಾರ್ಬೆಲ್ ಕೋವ್
ಜುಲೈ ೯, ೧೭೭೫

ಮಗ ಜೇಬೆಜ್‌ಗೆ ಆಶೀರ್ವಾದ,

ಮೊದಲ ಸಾಲು ಓದಿದೆ. ಮಿಕ್ಕದ್ದನ್ನು ಮಾರನೆಯ ದಿನ ಓದಿದೆ. ಆ ಗುಮಾಸ್ತರು ತಾಯಿಯೊಬ್ಬಳ ಕೈಯಲ್ಲಿ ಬೆಳೆದವರೇ ಇರಬೇಕು.

ನಾವು ಮೀನು ಹಿಡಿಯಲು ನಡುಗಡಲಿನ ದಿಬ್ಬಗಳಿಗೆ ಹೋಗಬಾರದೆಂದು ರಾಜನ ಕಾಯಿದೆ ಬಂದದ್ದು ನಿನಗೆ ಗೊತ್ತು. ದೋಣಿಗಳೆಲ್ಲ ದಂಡೆಯಲ್ಲಿ ಮಗುಚಿ ಬಿದ್ದಿವೆ. ಮೀನು ಒಣಹಾಕುವ ಚಪ್ಪರಗಳು ಖಾಲಿ. ಈ ಹೊತ್ತಿಗೆ ಹೆಂಗಸರು ಸೊಂಟ ನೋವೆಂದು ಬೈದುಕೊಳ್ಳುತ್ತ ಮೀನು ಮಗುಚಬೇಕಿತ್ತು. ಈಗ ಸೊಂಟ ನೆಟ್ಟಗಿದೆ, ಬೈಯಲು ಏನೂ ಇಲ್ಲ. ಪೇಶನ್ಸ್ ಗರ್ಡ್ಲರ್ ಮೊನ್ನೆ ಮೋಡ ಕಂಡು ಅಭ್ಯಾಸಬಲದಿಂದ ಓಡಿಬಂದು ಖಾಲಿ ಚಪ್ಪರಕ್ಕೆ ಮಳೆಗೆ ಹೊದಿಸುವ ಮರದ ತೊಗಟೆ ಮುಚ್ಚಿದಳು. ಮುಚ್ಚಿ ಅಲ್ಲೇ ಕೂತು ನಕ್ಕಳು. ನಾನೂ ನಕ್ಕೆ.

ನಿನ್ನಪ್ಪ ತೀರಿಹೋದ ವರ್ಷ ಅತ್ತಿದ್ದೆ. ಈ ಸಲ ಅಳು ಬರುತ್ತಿಲ್ಲ. ಅದಕ್ಕೆ ಬೇಸರ ಮಾಡಿಕೊಳ್ಳಬೇಡ.

ನಿನ್ನ ಅವ್ವ
ಕೆಜಾಯ


ರಾಜನ ಹಡಗಿನಿಂದ
ಸೆಪ್ಟೆಂಬರ್ ೨೧, ೧೭೭೫

ಪ್ರೀತಿಯ ಅವ್ವನಿಗೆ,

ಕೆಲಸ ಬದಲಾಗಿದೆ. ನಾನೀಗ ಹಗ್ಗ ಎಳೆಯುವುದಿಲ್ಲ. ಚುಕ್ಕಾಣಿಯ ಪಕ್ಕ ನಿಲ್ಲುತ್ತೇನೆ. ಈ ಕರಾವಳಿಯಲ್ಲಿ ಹುಟ್ಟಿದವನು ಎಂದು ಯಾರೋ ಹೇಳಿದ್ದಾರೆ. ಹಡಗಿನ ಯಜಮಾನ ನಕ್ಷೆ ಹರಡಿ ಬೆರಳಿಟ್ಟು ಕೇಳುತ್ತಾನೆ, “ಇದು ಎಷ್ಟು ಆಳ? ಇಲ್ಲಿ ಕಲ್ಲಿದ್ಯಾ?” ನಕ್ಷೆಯಲ್ಲಿ ಏನಿದೆಯೋ ಅಷ್ಟನ್ನೇ ಹೇಳುತ್ತೇನೆ. “ನಕ್ಷೆ ಓದೋಕೆ ನಂಗೂ ಬರುತ್ತೆ ಕಣಯ್ಯಾ,” ಎನ್ನುತ್ತಾನೆ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸುಲಭವಾಗುತ್ತಿತ್ತು.

ಪೆಂಡರ್ ನನಗೊಂದು ಉಣ್ಣೆಯ ಟೋಪಿ ಹೆಣೆದುಕೊಟ್ಟ. ಕಿವಿ ಮುಚ್ಚುತ್ತದೆ. ಯಾರ ಮಾತೂ ಸರಿಯಾಗಿ ಕೇಳಿಸುವುದಿಲ್ಲ, ಹಿತವಾಗಿದೆ.

ಊರಿನ ಸುದ್ದಿ ಬರೆ. ಏನಾದರೂ ಬರೆ.

ನಿನ್ನ ಮಗ
ಜೇಬೆಜ್


ಟಾರ್ಬೆಲ್ ಕೋವ್
ಅಕ್ಟೋಬರ್ ೨೯, ೧೭೭೫

ಟಾಪ್ಸ್‌ಫೀಲ್ಡಿನ ಡಾರ್ಕಸ್ ಅಕ್ಕನಿಗೆ ತಂಗಿ ಕೆಜಾಯ ಬರೆಯುವುದು,

ಉತ್ತರದಲ್ಲಿ ಫಾಲ್ಮತ್ ಊರನ್ನು ದಂಗೆ ಎದ್ದಿತೆಂದು ರಾಜನ ಹಡಗುಗಳು ಸುಟ್ಟ ಸುದ್ದಿ ನಿನಗೂ ಬಂದಿರುತ್ತದೆ. ಚಳಿಗಾಲ ಎದುರಿಗಿರುವಾಗ ಹೆಂಗಸರು ಮಕ್ಕಳು ಬಯಲಲ್ಲಿ ನಿಂತಿದ್ದಾರೆ. ಮುಂದಿನ ಸರದಿ ನಮ್ಮದು ಎನ್ನುತ್ತಾರೆ. ನಮ್ಮ ಕ್ಯಾಪ್ಟನ್ ಡೋಲಿಬರ್ ತನ್ನ ಮೀನಿನ ಹಡಗಿಗೆ ನಾಲ್ಕು ತೋಪು ಕಟ್ಟಿಕೊಂಡು ಹೋಗಿ ಸೈನಿಕರಿಗೆ ಹಿಟ್ಟು ಒಯ್ಯುತ್ತಿದ್ದ ರಾಜನ ಹಡಗೊಂದನ್ನು ಹಿಡಿದು ತಂದಿದ್ದಾನೆ. ಈಗ ಊರೆಲ್ಲ ಒಳ್ಳೆಯ ಹಿಟ್ಟಿನ ರೊಟ್ಟಿ ತಿನ್ನುತ್ತ ಹೆದರಿಕೊಂಡು ಕೂತಿದೆ.

ಕುರಿಯ ಕ್ರೋವೆಲ್ ಹೇಳಿದ್ದು: ನಮ್ಮ ಕಡೆಗೆ ಬರಲಿರುವುದು ಜೇಬೆಜ್ ಇರುವ ಹಡಗು. ದಾರಿ ತೋರಿಸಲು ಅವನನ್ನೇ ನಿಲ್ಲಿಸುತ್ತಾರೆ.

ನಾನು ಮದುವೆಯಾಗಿ ಬಂದಾಗ ಅತ್ತೆ ನನ್ನ ಕೈಗೆ ಮೊದಲು ಕೊಟ್ಟದ್ದು ಮನೆಯ ಕೀಲಿಕೈಯಲ್ಲ, ಸುಣ್ಣದ ಕುಂಚ. ನಮ್ಮ ಮನೆಯ ಕಡಲ ಕಡೆಯ ಗೋಡೆಗೆ ಪ್ರತಿ ವಸಂತದಲ್ಲಿ ಚಿಪ್ಪಿನ ಸುಣ್ಣ ಬಳಿಯುವುದು ಈ ಮನೆಯ ಹೆಂಗಸರ ಪಾಲಿನ ಕೆಲಸ. ಬರುವ ಹಡಗಿನವರು ಆ ಬಿಳಿ ಗೋಡೆಯನ್ನು ಗುಡ್ಡದ ಬೋಳು ನೆತ್ತಿಗೆ ಸರಿಯಾಗಿ ಕೆಳಗಿರುವಂತೆ ಹಿಡಿದು ನೇರ ಬರಬೇಕು. ಹಾಗೆ ಬಂದರೆ ಆಳ ನೀರು. ಎಡಕ್ಕೆ ಸ್ವಲ್ಪ ಸರಿದರೂ ‘ಮುದುಕಿಹಲ್ಲು’ ಎಂಬ ಕಲ್ಲುಗಳು. ಉಬ್ಬರದಲ್ಲಿ ಅವು ಕಾಣುವುದಿಲ್ಲ. ಇದು ಯಾವ ನಕ್ಷೆಯಲ್ಲೂ ಇಲ್ಲ. ಇಲ್ಲಿಯ ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಇದನ್ನೂ ಕಲಿಸುತ್ತೇವೆ.

ಗುರುವಾರ ಡೋಲಿಬರ್ ಅಡುಗೆಮನೆಗೇ ಬಂದ. ಟೋಪಿ ತೆಗೆದ.

“ಕೆಜಾಯಮ್ಮಾ, ನಿನ್ನ ಗೋಡೆ ಬೇಕು ನಮ್ಗೆ.”

“ಹೊತ್ಕೊಂಡ್ ಹೋಗ್ತೀರಾ?”

“ತಮಾಷೆ ಬೇಡಮ್ಮಾ. ಬಣ್ಣ ಬದ್ಲಾಯ್ಸೋದು. ನಿನ್ನ ಗೋಡೆಗೆ ಕೆಂಪು ಬಳಿಯೋದು, ಆಚೆಗಿರೋ ಗರ್ಡ್ಲರ್ ಉಗ್ರಾಣಕ್ಕೆ ಸುಣ್ಣ. ನಮ್ಮ ದೋಣಿಯೋರಿಗೆಲ್ಲ ಹೇಳಿದೀವಿ. ಬಿಳೀದು ಹಿಡ್ಕೊಂಡು ಬಂದೋನು ನೇರ ಮುದುಕಿ ಬಾಯಿಗೆ.”

ಪೇಶನ್ಸ್ ಗರ್ಡ್ಲರ್ ಅವನ ಹಿಂದೆಯೇ ಬಂದಿದ್ದಳು. “ಮೂವತ್ತು ವರ್ಷದಿಂದ ನಿನ್ನ ಗೋಡೇದೇ ಮೆರವಣಿಗೆ ಆಗಿತ್ತು ಕಣೇ, ಕೊನೆಗೂ ನಮ್ ಗೋಡೆಗೆ ಪಾಳಿ ಬಂತು ನೋಡು,” ಎಂದು ನಗಲು ಹೊರಟವಳು ನನ್ನ ಮುಖ ನೋಡಿ ಸೊಂಟಕ್ಕೆ ಕಟ್ಟಿದ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡಳು.

“ಆ ಹಡಗಲ್ಲಿ ಚುಕ್ಕಾಣಿ ಪಕ್ಕ ನನ್ನ ಮಗ ನಿಂತಿರ್ತಾನೆ,” ಎಂದೆ.

“ಗೊತ್ತು. ಅದಕ್ಕೇ ನಿನ್ನ ಕೇಳ್ದೆ ಮಾಡ್ಬಾರ್ದು ಅಂತ ಬಂದೆ,” ಎಂದ.

“ಬೇಡ ಅಂದ್ರೆ?”

ಡೋಲಿಬರ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. “ಬೇಡ ಅನ್ಬೇಡಮ್ಮಾ.”

ಕೆಮ್ಮಣ್ಣು, ಮೀನೆಣ್ಣೆ ಅವರೇ ತಂದುಕೊಟ್ಟರು. ಬಳಿಯಲು ಗಂಡಸರನ್ನು ಕಳಿಸುತ್ತೇವೆಂದರು. ಆ ಗೋಡೆಗೆ ಗಂಡಸರು ಎಂದೂ ಕೈಹಚ್ಚಿಲ್ಲ ಎಂದು ನಾನೇ ಏಣಿ ಹತ್ತಿದೆ. ಸುಣ್ಣದ ಮೇಲೆ ಕೆಂಪು ಬೇಗ ಹಿಡಿಯಲಿಲ್ಲ, ಎರಡು ಸಲ ಬಳಿಯಬೇಕಾಯಿತು. ಬಳಿಯುವಾಗ ಏನು ಅನ್ನಿಸಿತು ಎಂದು ನೀನು ಕೇಳುತ್ತೀಯ. ಮೇಲಿನ ಮೂಲೆಗೆ ಕುಂಚ ಎಟಕುತ್ತಿಲ್ಲ ಎನ್ನಿಸಿತು. ಅಷ್ಟೇ.

ತಂಗಿ
ಕೆಜಾಯ


ಟಾಪ್ಸ್‌ಫೀಲ್ಡ್
ನವೆಂಬರ್ ೩, ೧೭೭೫

ಕೆಜಾಯ,

ನೀನೇನು ಮನುಷ್ಯಳೋ ಮರದ ಕೊರಡೋ? ನಿನ್ನ ಪತ್ರವನ್ನು ನನ್ನ ಗಂಡನಿಗೆ ಓದಿ ಹೇಳಿದೆ. ಸೌದೆ ಒಡೆಯುತ್ತಿದ್ದವನು ಕೊಡಲಿ ಕೆಳಗಿಟ್ಟು, “ಆಯಮ್ಮ ಹುಡುಗನಿಗೆ ಒಂದು ಮಾತು ತಿಳಿಸ್ಲಿಲ್ವಂತಾ?” ಎಂದು ಕೇಳಿದ.

ಗುಮಾಸ್ತ ಓದುತ್ತಾನೆಂದು ಹೆದರಿದ್ದೀಯ. ಸರಿ, ಗೋಡೆಯ ಮಾತೇ ಎತ್ತಬೇಡ. ‘ಪೇಶನ್ಸ್ ಗರ್ಡ್ಲರ್ ಈಗೀಗ ಬಿಳಿ ಉಡುತ್ತಾಳೆ, ನಾನು ಮಾತ್ರ ಕೆಂಪು ಉಡುತ್ತಿದ್ದೇನೆ’ ಎಂದು ಬರೆ. ಓದಿದವನು ಹೆಂಗಸರ ಹರಟೆ ಎಂದುಕೊಳ್ಳುತ್ತಾನೆ. ಪೇಶನ್ಸ್ ಎಲ್ಲಿರುತ್ತಾಳೆ, ನೀನೆಲ್ಲಿರುತ್ತೀಯ ಎಂದು ಜೇಬೆಜ್‌ಗೆ ಗೊತ್ತು. ಒಂದು ಸಾಲು ಸಾಕು.

ಅವನು ತಿಳಿದುಕೊಂಡು ಏನು ಮಾಡುತ್ತಾನೋ ಮಾಡಲಿ. ಕಾಯಿಲೆ ಎಂದು ಮಲಗಲಿ, ದಾರಿ ಮರೆತೆ ಎನ್ನಲಿ. ಅದು ಅವನ ಪಾಲಿನದು. ತಿಳಿಸುವುದು ನಿನ್ನದು. ಇವತ್ತೇ ಬರೆ.

ನಿನ್ನ ಅಕ್ಕ
ಡಾರ್ಕಸ್


ಟಾರ್ಬೆಲ್ ಕೋವ್
ನವೆಂಬರ್ ೧೦, ೧೭೭೫

ಮಗ ಜೇಬೆಜ್‌ಗೆ ಆಶೀರ್ವಾದ,

ಊರಿನ ಸುದ್ದಿ ಕೇಳಿದ್ದೀಯ. ಹಂದಿಯನ್ನು ಈ ವಾರ ಕೊಯ್ದೆವು. ಟರ್ನಿಪ್ ಗಡ್ಡೆಗೆ ಹುಳ ಬಿದ್ದಿದೆ, ಸೇಬು ಚೆನ್ನಾಗಿ ಒಣಗಿದೆ. ಪಾದ್ರಿಗಳು ಭಾನುವಾರದ ಉಪದೇಶದ ನಡುವೆ ತಾವೇ ತೂಕಡಿಸಿದರು. ಯಾರೂ ಎಬ್ಬಿಸಲಿಲ್ಲ. ಎಲ್ಲರೂ ದಣಿದಿದ್ದೆವು.

ಪೇಶನ್ಸ್ ಗರ್ಡ್ಲರ್ ಚೆನ್ನಾಗಿದ್ದಾಳೆ.

ನಿನಗೆ ಎರಡು ಜೊತೆ ಕಾಲುಚೀಲ ಕಳಿಸಿದ್ದೇನೆ, ಒಂದನ್ನು ಟೋಪಿ ಹೆಣೆದುಕೊಟ್ಟವನಿಗೆ ಕೊಡು. ಗುಮಾಸ್ತರಿಗೆ ಒಣ ಸೇಬು. ಎದೆಗೆ ಗಾಳಿ ತಾಗಿಸಿಕೊಳ್ಳಬೇಡ.

ನಿನ್ನ ಅವ್ವ
ಕೆಜಾಯ


ಟಾರ್ಬೆಲ್ ಕೋವ್
ನವೆಂಬರ್ ೨೬, ೧೭೭೫

ಡಾರ್ಕಸ್ ಅಕ್ಕನಿಗೆ,

ಹಡಗು ಬಂದಿತ್ತು. ಜೇಬೆಜ್ ಬದುಕಿದ್ದಾನೆ. ಗುಮಾಸ್ತರು ಕಲಿಸಿದಂತೆ ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಮಂಗಳವಾರ ಬೆಳಿಗ್ಗೆ ತೆಳು ಮಂಜಿತ್ತು. ಗಂಡಸರೆಲ್ಲ ಬಂದೂಕು ಹಿಡಿದು ಚಪ್ಪರಗಳ ಹಿಂದೆ ಅಡಗಿದ್ದರು. ನಾನು ಜೋಳದ ಗಂಜಿ ಕಲಕುತ್ತಿದ್ದೆ. ಪೇಶನ್ಸ್ ಬಂದು “ಬಂತು” ಎಂದಳು. ಒಲೆಯಿಂದ ಪಾತ್ರೆ ಇಳಿಸಿ ಹೊರಗೆ ಹೋದೆ.

ಹಡಗು ನಿಧಾನವಾಗಿ, ನೇರವಾಗಿ ಬಂತು. ಭೂಶಿರ ದಾಟುತ್ತಲೇ ಮುಂದಿನ ಹಾಯಿಯನ್ನು ಸಡಿಲಬಿಟ್ಟರು. ನಮ್ಮೂರಿನವರಲ್ಲದೆ ಬೇರೆ ಯಾರೂ ಅಲ್ಲಿ ಹಾಗೆ ಮಾಡುವುದಿಲ್ಲ. ಆಗ ಹೇಳುತ್ತಿರುವುದು ಯಾರೆಂದು ತಿಳಿಯಿತು.

ಅವನು ಇಲ್ಲಿ ಹುಟ್ಟಿದವನು. ತನ್ನ ಮನೆ ಇದ್ದ ಕಡೆ ಇಲ್ಲ ಎಂದು ಕಾಣದೆ ಹೋದೀತೆ, ಕಂಡ ಕೂಡಲೇ ತಿರುಗಿಸುತ್ತಾನೆ ಎಂದು ನಾನು ಅಂದುಕೊಂಡಿದ್ದೆ. ಇಷ್ಟೂ ದಿನ ಅದನ್ನೇ ಅಂದುಕೊಂಡಿದ್ದೆ. ತಿರುಗಿಸಲಿಲ್ಲ.

ಸದ್ದು ದೊಡ್ಡದಾಗಿರಲಿಲ್ಲ. ದೊಡ್ಡ ಪೆಟ್ಟಿಗೆಯನ್ನು ಅಂಗಳದಲ್ಲಿ ಎಳೆದ ಹಾಗೆ. ಆಮೇಲೆ ಹಾಯಿಕಂಬಗಳು ಬಿದ್ದವು. ಆಮೇಲೆ ಕೂಗು. ನಮ್ಮ ಕಡೆಯವರು ಗುಂಡು ಹಾರಿಸುವುದೆಂದು ಇತ್ತು, ಯಾರೂ ಹಾರಿಸಲಿಲ್ಲ. ಮುಳುಗುವವರನ್ನು ಏನು ಮಾಡಬೇಕೆಂದು ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ.

“ಏನ್ರೋ, ಗರ ಬಡಿದೋರ ಥರ ನೋಡ್ತಾ ನಿಂತ್ರಿ! ದೋಣಿ ತಳ್ರೋ!” ಎಂದು ಪೇಶನ್ಸ್ ಕಿರುಚಿದಳು. ತಳ್ಳಿದರು. ಬಂದೂಕು ಹಿಡಿದವರೇ ಹುಟ್ಟು ಹಿಡಿದರು.

ನವೆಂಬರಿನ ನೀರು ನಿನಗೆ ಗೊತ್ತಿಲ್ಲ ಅಕ್ಕ. ಎಳೆದು ತಂದವರಲ್ಲಿ ಹೆಚ್ಚಿನವರು ಆಗಲೇ ಹೋಗಿದ್ದರು. ಮಲಗಿಸಲು ಜಾಗ ಬೇಕಿತ್ತು. ಚಪ್ಪರಗಳ ಮೇಲೆ ಮಲಗಿಸಿದರು. ಈ ವರ್ಷ ಅವು ತುಂಬಿದ್ದು ಅದೊಂದೇ ಸಲ. ಹೆಂಗಸರು ಸಾಲು ಹಿಡಿದು ಮುಖ ಒರೆಸುತ್ತ ಹೋದೆವು. ಒಬ್ಬನ ಕಾಲಲ್ಲಿ ನಾನು ಹೆಣೆದ ಕಾಲುಚೀಲವಿತ್ತು. ಮತ್ತೊಬ್ಬರು ಸಣಕಲು, ನಡುವಯಸ್ಸು, ಬಲಗೈ ಬೆರಳಲ್ಲಿ ಹೋಗದ ಮಸಿ. ಅವರ ಮುಖವನ್ನು ನಾನೇ ಒರೆಸಿದೆ.

ಜೇಬೆಜ್‌ನನ್ನು ಕೊನೆಯ ದೋಣಿಯಲ್ಲಿ ತಂದರು. ನಮ್ಮ ಮನೆಯ ಮುಂದೆಯೇ ಇಳಿಸಿದರು. ಅವನು ಗೋಡೆ ನೋಡಿದ. ನನ್ನ ಕೈ ನೋಡಿದ. ಉಗುರಿನ ಸಂದಿಯಲ್ಲಿ ಕೆಮ್ಮಣ್ಣು ಇನ್ನೂ ಇದೆ, ಮೀನೆಣ್ಣೆ ಸುಲಭಕ್ಕೆ ಬಿಡುವುದಿಲ್ಲ. ವೈರಿಗೆ ದಾರಿ ತೋರಿಸಿದವನೆಂದು ಪೀಪಾಯಿ ಮಾಡುವವನ ಕೊಟ್ಟಿಗೆಯಲ್ಲಿ ಕೂಡಿಹಾಕಿದ್ದಾರೆ. ನಾನು ಹೋಗಬಾರದಂತೆ. ಪತ್ರ ಕೊಡಬಹುದಂತೆ.

ಕೆಜಾಯ


ಪೀಪಾಯಿ ಕೊಟ್ಟಿಗೆ, ಟಾರ್ಬೆಲ್ ಕೋವ್
ಡಿಸೆಂಬರ್ ೨, ೧೭೭೫

ಅವ್ವ,

ಇಲ್ಲಿಂದ ನಮ್ಮ ಹೊಗೆಗೂಡು ಕಾಣುತ್ತದೆ. ನೀನು ಒಲೆ ಹಚ್ಚುವುದು ತಿಳಿಯುತ್ತದೆ. ಕೂಗಿದರೆ ಕೇಳಿಸುವಷ್ಟು ದೂರದಿಂದ ಪತ್ರ ಬರೆಯುತ್ತಿದ್ದೇನೆ.

ನಾನು ಯಾಕೆ ದಾರಿ ತೋರಿಸಿದೆ ಎಂದು ಊರು ಕೇಳುತ್ತಿದೆ. ಹಡಗಿನ ಯಜಮಾನ ನನ್ನೆದುರು ಕೂತು ಹೇಳಿದ: “ಒಳಗೆ ಕರ್ಕೊಂಡು ಹೋಗು, ಆ ತೋಪಿನ ಹಡಗನ್ನ ಮಾತ್ರ ಸುಡ್ತೀನಿ. ಮನೆಗಳ ತಂಟೆಗೆ ಹೋಗಲ್ಲ. ಆಗಲ್ಲ ಅಂದ್ರೆ ಹೊರಗೇ ನಿಂತು ಹೊಡೀತೀನಿ. ಗುಂಡಿಗೆ ಯಾವ್ದು ಹಡಗು ಯಾವ್ದು ಮನೆ ಅಂತ ಗೊತ್ತಾಗಲ್ಲ.” ನಾನು ಅವನನ್ನು ನಂಬಿದೆ. ಇದನ್ನು ನಿನಗೆ ಬರೆಯುವಂತಿರಲಿಲ್ಲ.

ಡೋಲಿಬರ್ ನಿನ್ನೆ ಬಂದಿದ್ದರು. “ಬೇಕಂತ್ಲೇ ಕಲ್ಲಿಗೆ ಕೊಟ್ಟೆ ಅಂತ ಒಂದು ಮಾತು ಹೇಳ್ಬಿಡು ಮಗಾ. ಊರು ನಿನ್ನ ಹೆಗಲ ಮೇಲೆ ಹೊರುತ್ತೆ,” ಎಂದರು. ನಾನು ಹೇಳಲಿಲ್ಲ. ಹಡಗು ಒಳಗೆ ಬರುವಾಗ ಪೆಂಡರ್ ನನ್ನ ಪಕ್ಕದಲ್ಲೇ ನಿಂತಿದ್ದ. “ಇದೇನಾ ನಿಮ್ಮೂರು?” ಎಂದು ಕೇಳುತ್ತಿದ್ದ. ಬೇಕೆಂದು ಮಾಡಿದೆ ಎಂದು ಹೇಗೆ ಹೇಳಲಿ?

ಗುಡ್ಡದ ಆಕಾರ ನೋಡಿದಾಗ ಏನೋ ಸರಿಯಿಲ್ಲ ಎನ್ನಿಸಿದ್ದು ನಿಜ. ಆದರೆ ನೆತ್ತಿಯ ಕೆಳಗೆ ಬಿಳಿ ಇತ್ತು. ಗುಡ್ಡವನ್ನು ಅನುಮಾನಿಸಿದೆ, ಮಂಜನ್ನು ಅನುಮಾನಿಸಿದೆ, ನನ್ನ ಕಣ್ಣನ್ನು ಅನುಮಾನಿಸಿದೆ. ಗೋಡೆಯನ್ನು ಅನುಮಾನಿಸಲಿಲ್ಲ. ಬದಲಾಗಿದ್ದರೆ ಅವ್ವ ಹೇಗಾದರೂ ತಿಳಿಸಿರುತ್ತಿದ್ದಳು ಎಂದುಕೊಂಡೆ.

ಈಗ ಗೊತ್ತಾಯಿತು. ನೀನು ತಿಳಿಸಿರುತ್ತೀಯ. ವೆಸ್ಟ್‌ಕಾಟ್ ಅದನ್ನು ಹರಿದುಹಾಕಿರಬೇಕು. ಸೇಬು ಬಂದ ದಿನ ಪತ್ರ ಯಾಕೋ ಚಿಕ್ಕದಾಗಿದೆ ಎನ್ನಿಸಿತ್ತು. ನಗುನಗುತ್ತಲೇ ಕೊಟ್ಟ ಅವನು. ಡೋಲಿಬರ್‌ಗೂ ಇದನ್ನೇ ಹೇಳಿದೆ: ನನ್ನ ಅವ್ವನನ್ನು ಯಾರೂ ಏನೂ ಅನ್ನಬೇಡಿ, ಅವಳು ಬರೆದಿದ್ದಳು ಎಂದು.

ನನ್ನನ್ನು ಟಾಪ್ಸ್‌ಫೀಲ್ಡಿಗೆ, ದೊಡ್ಡಮ್ಮನ ಮನೆಗೆ ಕಳಿಸುತ್ತಾರಂತೆ. ದೊಡ್ಡಪ್ಪ ಜಾಮೀನು ನಿಂತಿದ್ದಾನೆ. ಕಡಲ ಕಡೆ ಬರಬಾರದು ಎಂದು ಷರತ್ತು.

ನಿನ್ನ ಮಗ
ಜೇಬೆಜ್


ಟಾರ್ಬೆಲ್ ಕೋವ್
ಡಿಸೆಂಬರ್ ೧೯, ೧೭೭೫

ಜೇಬೆಜ್‌ಗೆ,

ನೀನು ಹೊರಟ ದಿನ ಗಾಡಿ ನಮ್ಮ ಬಾಗಿಲ ಮುಂದೆ ಹೋಯಿತು. ನಾನು ಒಳಗಿದ್ದೆ.

ನೀನು ಹೇಳಿದ ಮಾತು ಹಿಡಿದುಕೊಂಡು ಡೋಲಿಬರ್ ಊರಿನ ರಕ್ಷಣಾ ಸಮಿತಿಯ ನಾಲ್ವರ ಜೊತೆ ಬಂದಿದ್ದ. ಈ ಸಲ ಟೋಪಿ ತೆಗೆಯಲಿಲ್ಲ.

“ಏನಮ್ಮಾ, ವೈರಿ ಹಡಗಿಗೆ ಸುದ್ದಿ ಕೊಟ್ಟಿದ್ಯಂತೆ?”

“ಇಲ್ಲ.”

“ನಿನ್ನ ಮಗನೇ ಹೇಳ್ತಾನೆ. ಅವ್ವ ಬರೆದಿದ್ಲು, ಗುಮಾಸ್ತ ಹರ್ದುಹಾಕ್ದ ಅಂತ. ಹರೀದೆ ಹೋಗಿದ್ರೆ ಈ ಊರು ಬೂದಿ ಆಗ್ತಿತ್ತು ಗೊತ್ತಾ?”

“ನಾನು ಬರೀಲಿಲ್ಲ ಕ್ಯಾಪ್ಟನ್.”

“ದೇವರಾಣೆ?”

“ದೇವರಾಣೆ.”

ಅವನ ಮುಖ ಸಡಿಲವಾಯಿತು. ನನ್ನ ಎರಡು ಕೈಗಳನ್ನೂ ಹಿಡಿದುಕೊಂಡ. “ಒಳ್ಳೇ ಕೆಲ್ಸ ಮಾಡಿದೆ ತಾಯಿ,” ಎಂದ. ಒಳಗೆ ಕೂತು ಸೇಬಿನ ಮದ್ಯ ಕುಡಿದು ಹೋದರು. ಈಗ ಊರಲ್ಲಿ ನನಗೆ ಬಹಳ ಮರ್ಯಾದೆ. ಪ್ರಾರ್ಥನಾಮಂದಿರದಲ್ಲಿ ಮುಂದಿನ ಬೆಂಚು ಬಿಟ್ಟುಕೊಡುತ್ತಾರೆ.

ಅವರಿಗೆ ಹೇಳಿದ್ದನ್ನೇ ನಿನಗೂ ಹೇಳಬೇಕು. ಗುಮಾಸ್ತರು ಏನನ್ನೂ ಹರಿಯಲಿಲ್ಲ. ಪತ್ರ ಚಿಕ್ಕದಾಗಿದ್ದದ್ದು ನಾನು ಚಿಕ್ಕದಾಗಿ ಬರೆದದ್ದರಿಂದ. ದೊಡ್ಡಮ್ಮ ನನಗೆ ದಾರಿ ಹೇಳಿಕೊಟ್ಟಿದ್ದಳು. ಪೇಶನ್ಸ್ ಬಿಳಿ ಉಡುತ್ತಾಳೆ, ನಾನು ಕೆಂಪು ಉಡುತ್ತೇನೆ ಎಂದು ಒಂದು ಸಾಲು. ಗುಮಾಸ್ತರಿಗೆ ತಿಳಿಯುತ್ತಿರಲಿಲ್ಲ, ನಿನಗೆ ತಿಳಿಯುತ್ತಿತ್ತು. ‘ಪೇಶನ್ಸ್ ಗರ್ಡ್ಲರ್’ ಎಂದು ಬರೆದೆ. ಲೇಖನಿಯಲ್ಲಿ ಮಸಿ ಇತ್ತು, ಹಾಳೆಯಲ್ಲಿ ಜಾಗ ಇತ್ತು. ಕಿಟಕಿಯಾಚೆ ಅವಳ ಮೊಮ್ಮಕ್ಕಳು ಖಾಲಿ ಚಪ್ಪರದ ಕೆಳಗೆ ಆಡುತ್ತಿದ್ದವು. ‘ಚೆನ್ನಾಗಿದ್ದಾಳೆ’ ಎಂದು ಮುಗಿಸಿದೆ.

ನೀನು ದಾರಿ ತೋರಿಸಿದ್ದು ಮನೆಗಳನ್ನು ಉಳಿಸಲೆಂದು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬರೆಯುತ್ತಿದ್ದೆನೋ ಇಲ್ಲವೋ, ಅದು ಈಗ ನನಗೆ ತಿಳಿಯುವುದಿಲ್ಲ.

ಸತ್ತವರ ಮೇಲೆ ತಪ್ಪು ಹೊರಿಸಿ ನೀನು ನನ್ನನ್ನು ಉಳಿಸಿಕೊಂಡೆ. ಹಾಗೆಯೇ ಬಿಡಬಹುದಿತ್ತು. ಒಂದು ವಾರ ಬಿಟ್ಟು ನೋಡಿದೆ. ಊಟ ಸೇರಿತು, ನಿದ್ದೆಯೂ ಬಂತು. ಅದಕ್ಕೇ ಹೆದರಿ ಬರೆಯುತ್ತಿದ್ದೇನೆ.

ಇದನ್ನು ಓದಿ ನೀನು ಉತ್ತರ ಬರೆಯಲೇಬೇಕೆಂದಿಲ್ಲ. ನೀನು ಊಟ ಮಾಡುತ್ತೀಯೋ ಇಲ್ಲವೋ ಎಂದು ದೊಡ್ಡಮ್ಮ ತಿಳಿಸಿದರೆ ಸಾಕು.

ಕೆಜಾಯ ಟ್ರೆಫ್ರಿ